ಅವ್ವ ಖಾತ್ರಿಗೆ ಹೋಗ್ಯಾಳ

ಪ್ರವೇಶದ ವಾರ ಬಂತೆಂದರೆ ನಮ್ಮ ಕಾಲೇಜಿನ ಕಚೇರಿಗೆ ಅದರದೇ ಒಂದು ವಾಸನೆ ಹತ್ತಿಕೊಳ್ಳುತ್ತದೆ. ಹೊಸ ಝೆರಾಕ್ಸ್ ಕಾಗದ, ಗೋಂದು, ಬೆವರು, ಯಾರದೋ ಚೀಲದೊಳಗಿನ ರೊಟ್ಟಿ ಮತ್ತು ಶೇಂಗಾಪುಡಿ, ಎಲ್ಲ ಕಲೆತ ವಾಸನೆ. ಸಿಂಧನೂರಿನ ಬಿಸಿಲಿಗೆ ಫ್ಯಾನು ಅದನ್ನೇ ಸುತ್ತಿ ಸುತ್ತಿ ತಂದು ಮುಖಕ್ಕೆ ಒಗೆಯುತ್ತಿರುತ್ತದೆ. ನಾನು ಭೌತಶಾಸ್ತ್ರ ಕಲಿಸುವವಳು. ಆದರೆ ಆ ಒಂದು ವಾರ ನಮ್ಮಲ್ಲಿ ಎಲ್ಲರೂ ಗುಮಾಸ್ತರೇ. ಅರ್ಜಿ ನೋಡುವುದು, ಫೋಟೋ ಅಂಟಿಸುವುದು, ಆಧಾರ್ ಕಾರ್ಡಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಏಕೆ ಜಗಳ ಎಂದು ವಿಚಾರಿಸುವುದು.

ಈ ವರ್ಷ ಹೀಗೆ ಕೂತಿದ್ದಾಗ, ಹೊಸದಾಗಿ ವರ್ಗವಾಗಿ ಬಂದಿರುವ ನಮ್ಮ ಗುಮಾಸ್ತರು ಒಂದು ಅರ್ಜಿಯನ್ನು ಎತ್ತಿ ಹಿಡಿದು ನಕ್ಕರು. "ಮೇಡಂ, ಇಲ್ಲೊಬ್ಬಳು ತಾಯಿಯ ಉದ್ಯೋಗ 'ಖಾತ್ರಿ' ಅಂತ ಬರೆದಿದ್ದಾಳೆ. ಏನೋ ಒಂದು ಕೆಲಸ ಖಾತ್ರಿಯಾಗಿ ಮಾಡ್ತಾರೆ ಅಂತಾನಾ?" ಕಚೇರಿಯಲ್ಲಿದ್ದ ನಾಲ್ಕು ಜನವೂ ನಕ್ಕರು. ಕೌಂಟರಿನ ಆಚೆ ನಿಂತಿದ್ದ ಹುಡುಗಿ ಮಾತ್ರ ನಗಲೂ ಇಲ್ಲ, ನಾಚಲೂ ಇಲ್ಲ.

"ನಮ್ಮವ್ವ ಖಾತ್ರಿಗೆ ಹೋಗ್ತಾಳ್ರಿ ಸರ್. ಉದ್ಯೋಗ ಖಾತ್ರಿ. ಹೆಸರಿನ್ಯಾಗ ಉದ್ಯೋಗ ಐತಲ್ರಿ, ಮತ್ತೇನು ಬರೀಬೇಕಿತ್ತು?" ಎಂದಳು.

ಗುಮಾಸ್ತರು ಅರ್ಜಿಯನ್ನು ನನ್ನ ಮುಂದೆ ಸರಿಸಿದರು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಆ ಹುಡುಗಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ಅದೇ ವಯಸ್ಸಿನಲ್ಲಿ ನನಗೆ ಹೇಳಲು ಬಂದಿರಲಿಲ್ಲ. ಅದೇನೆಂದು ಹೇಳುತ್ತೇನೆ, ಸ್ವಲ್ಪ ಸುತ್ತುಬಳಸು ದಾರಿ, ಬೇಸರ ಮಾಡಿಕೊಳ್ಳದೆ ಬನ್ನಿ.

ಮೊದಲು ಈ ಮಾತಿನ ಬಗ್ಗೆಯೇ ಹೇಳಬೇಕು. ಬಡ ಮನೆಗಳಿಗೆ ಸರ್ಕಾರವೇ ಊರಲ್ಲಿ ಕೂಲಿ ಕೆಲಸ ಕೊಡುವ ಈ ಯೋಜನೆಗೆ ಕಾಗದದ ಮೇಲೆ ಮಾರುದ್ದದ ಹೆಸರು. ಆ ಹೆಸರು ಆಗಾಗ ಬದಲಾಗುವುದೂ ಉಂಟು. ನಮ್ಮ ಹೆಂಗಸರು ಅಷ್ಟೆಲ್ಲ ಬಾಯಿಗೆ ಕೆಲಸ ಕೊಡುವವರಲ್ಲ. 'ಖಾತ್ರಿ' ಎಂದಷ್ಟೇ ಇಟ್ಟುಕೊಂಡರು. ಅದು ಕೊನೆಕೊನೆಗೆ ಒಂದು ಜಾಗದ ಹೆಸರಿನಂತೆಯೇ ಆಗಿಹೋಯಿತು. ಮನೆ ಮುಂದೆ ಬಂದವರು "ಎಲ್ಲಿ ನಿಮ್ಮವ್ವ?" ಎಂದರೆ "ಅವ್ವ ಖಾತ್ರಿಗೆ ಹೋಗ್ಯಾಳ" ಎನ್ನುತ್ತಿದ್ದೆವು, ಸಂತೆಗೆ ಹೋಗಿದ್ದಾಳೆ ಎಂದು ಹೇಳಿದ ಹಾಗೆ. ಖಾತ್ರಿ ಇವತ್ತು ಹೊಲದ ಬದುವಿನಲ್ಲಿದ್ದರೆ ನಾಳೆ ಹಳ್ಳದಲ್ಲಿ, ನಾಡಿದ್ದು ಕೆರೆಯಲ್ಲಿ.

ನಮ್ಮೂರು ಮಸ್ಕಿ ತಾಲ್ಲೂಕಿನದು. ನಾನು ಹೇಳುತ್ತಿರುವ ಕಾಲಕ್ಕೆ ಅದು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ಊರು ಕೂತಲ್ಲಿಂದ ಅಲುಗಾಡಿಲ್ಲ, ತಾಲ್ಲೂಕುಗಳೇ ಅದರ ಮೇಲೆ ಹಾದುಹೋದವು. ಕಾಲುವೆಯೊಂದು ಮಾತ್ರ ಹಾದುಹೋಗಲಿಲ್ಲ. ಸಿಂಧನೂರಿನ ಕಡೆ ಭತ್ತದ ಗದ್ದೆ ಕಣ್ಣು ಹಾಯುವವರೆಗೂ ಹಸಿರಾಗಿದ್ದರೆ ನಮ್ಮಲ್ಲಿ ಕರಿ ನೆಲ, ಜಾಲಿ ಮುಳ್ಳು, ಮಳೆ ಬಂದರೆ ತೊಗರಿ. ಹಾಗಾಗಿ ನಾಟಿಯ ದಿನಗಳಲ್ಲಿ ಅವ್ವ ಮತ್ತು ಓಣಿಯ ಹೆಂಗಸರು ಟಂಟಂ ಹತ್ತಿ ದಢೇಸುಗೂರಿನ ಗದ್ದೆಗಳ ಕಡೆಗೆ ಹೋಗುತ್ತಿದ್ದರು. ಮೂರು ಗಾಲಿಯ ಆ ಗಾಡಿಯಲ್ಲಿ ಹದಿನೆಂಟು ಹೆಂಗಸರು ಹೇಗೆ ಕೂರುತ್ತಿದ್ದರು ಎಂಬುದಕ್ಕೆ ನನ್ನ ಭೌತಶಾಸ್ತ್ರದಲ್ಲಿ ಇವತ್ತಿಗೂ ಉತ್ತರವಿಲ್ಲ.

ನಾಟಿ ಮುಗಿದರೆ ಗುಳೆ. ಸಂಸಾರ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ, ಏಳುತ್ತಿರುವ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡಿನಲ್ಲಿ ಇದ್ದು, ಮಣ್ಣು ಇಟ್ಟಿಗೆ ಹೊತ್ತು ಬರುವುದು. ಅಪ್ಪ, ಅವ್ವ, ನಾನು, ನನ್ನ ತಂಗಿ, ನಾಲ್ವರೂ ಹೋಗುತ್ತಿದ್ದೆವು. ಏಳನೆಯ ತರಗತಿಯ ಅರ್ಧ ವರ್ಷ ನಾನು ಶೆಡ್ಡಿನಲ್ಲಿ ಅನ್ನ ಬೇಯಿಸುತ್ತ, ತಂಗಿ ಕಬ್ಬಿಣದ ಸರಳಿನ ಮೇಲೆ ಬೀಳದಂತೆ ಕಾಯುತ್ತ ಕಳೆದೆ. ವಾಪಸು ಬಂದಾಗ ಗಣಿತದ ಮೇಷ್ಟ್ರು ಹಲಗೆಯ ಮೇಲೆ ಬರೆದದ್ದು ಬೇರೆ ಯಾವುದೋ ಊರಿನ ಲಿಪಿಯಂತೆ ಕಂಡಿತು. ಆ ದಿನ ಅತ್ತದ್ದು ನೆನಪಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದರೆ ಅವರಾದರೂ ಏನು ಮಾಡಬೇಕಿತ್ತು?

ಖಾತ್ರಿ ಬಂದದ್ದು ಅದರ ಮರುವರ್ಷವೋ ಏನೋ. ಶುರುವಿನಲ್ಲಿ ಯಾರೂ ನಂಬಲಿಲ್ಲ. ಚಹಾದಂಗಡಿಯ ಮುಂದೆ ಕೂತವರು "ಸರ್ಕಾರದ ಅಳಿಯಂದ್ರಾಗಬೇಕಂತಪಾ ನಾವು" ಎಂದು ಚೇಷ್ಟೆ ಮಾಡಿದರು. ಖಾತ್ರಿಗೆ ಬೇಕಾದ ಕೆಲಸದ ಕಾರ್ಡಿಗೆ ಫೋಟೋ ತೆಗೆಯಲು ಪಂಚಾಯಿತಿಯವರು ಬಂದ ದಿನ, ನಮ್ಮ ಪಕ್ಕದ ಮನೆಯ ಹುಲಿಗೆಮ್ಮ ಮಗಳ ಮದುವೆಯ ಸೀರೆ ಉಟ್ಟುಕೊಂಡು ಬಂದು ನಿಂತಳು. "ಮಣ್ಣು ಹೊರಾಕ ಈ ಸೀರಿ ಯಾಕಬೇ?" ಎಂದು ಅವ್ವ ಕೇಳಿದರೆ, "ಮಣ್ಣು ನಾ ಹೊರತೀನಿ, ಫೋಟೋ ಏನು ಹೊರತದ?" ಎಂದಳು. ಅವಳ ಬಾಯಿಗೆ ಎದುರು ನಿಲ್ಲುವವರು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

ಅವ್ವನಿಗೆ ಈ ಹೊಸ ವ್ಯವಸ್ಥೆಯಲ್ಲಿ ಹಿಡಿಸಿದ್ದು ಕೂಲಿಗಿಂತ ಮೊದಲು ಆ ಅರ್ಜಿ. ಕೆಲಸ ಬೇಕೆಂದು ಬರೆದುಕೊಡುವುದು, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳುವುದು, ಹದಿನೈದು ದಿನದೊಳಗೆ ಕೆಲಸ ಕೊಡಲೇಬೇಕೆಂದು ಕೇಳುವುದು. ಅಲ್ಲಿಯವರೆಗೆ ಅವಳು ಕೆಲಸ ಕೇಳಿದ್ದು ಮಾಲಕರ ಬಾಗಿಲ ಮುಂದೆ ಬೆಳಗಿನ ಜಾವ ಸುಮ್ಮನೆ ನಿಂತು. ಅವರಿಗೆ ಬೇಕೆನ್ನಿಸಿದರೆ ಕರೆಯುತ್ತಿದ್ದರು, ಇಲ್ಲವಾದರೆ ಕಂಡೂ ಕಾಣದವರಂತೆ ಹಲ್ಲುಜ್ಜುತ್ತಿದ್ದರು. ಮೊದಲ ರಸೀದಿಯನ್ನು ಕೈಯಲ್ಲಿ ಹಿಡಿದು ಮನೆಗೆ ಬಂದ ದಿನ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬೇಡಿದ್ದಲ್ಲ ಇದು, ಕೇಳಿದ್ದು" ಎಂದಳು. ಓದಲು ಬರದವಳು ಕಾಗದ ನೋಡಿ ಹೇಳಿದ ಆ ಮಾತಿನ ಅರ್ಥ ನನಗೆ ಆಗ ಪೂರ್ತಿ ಆಗಿರಲಿಲ್ಲ.

ಎರಡು ಬೇಸಿಗೆ ಕಳೆಯುವುದರೊಳಗೆ ಅವಳೇ ಮೇಟ್ ಆದಳು. ನಲವತ್ತು ಜನರ ಗುಂಪಿಗೆ ಹಿರಿಯಳು. ಬೆಳಿಗ್ಗೆ ಹಾಜರಿ ಹಿಡಿಯುವುದು, ಕೆಲಸ ಹಂಚುವುದು, ನೆರಳು ನೀರು ನೋಡಿಕೊಳ್ಳುವುದು. ಪಂಚಾಯಿತಿಯ ಕರವಸೂಲಿಯವನು ತಲೆ ಕೆರೆದುಕೊಂಡ. "ಮೇಟ್ ಆಗಾಕ ಓದಾಕ ಬರೀಯಾಕ ಬರಬೇಕಲ್ಲ ದುರುಗಮ್ಮ?"

"ನನ್ನ ಮಗಳಿಗೆ ಬರ್ತತ್ರಿ. ಅಕಿ ಏನು ಬ್ಯಾರೇರ ಹೊಟ್ಟ್ಯಾಗ ಹುಟ್ಯಾಳೇನು?" ಎಂದಳು ಅವ್ವ.

ಅವನು ಅವಳ ಹೆಸರನ್ನೇ ಮೇಟ್ ಎಂದು ಬರೆದುಕೊಂಡ. ನಾನು ಶಾಲೆಗೆ ಹೋಗುವ ಮೊದಲು ಕೆಲಸದ ಜಾಗಕ್ಕೆ ಹೋಗಿ, ಅವಳು ಹೆಸರು ಹೇಳಿದಂತೆ ಹಾಜರಿ ಹಾಕಿ ಬರುತ್ತಿದ್ದೆ. ನಲವತ್ತು ಹೆಸರೂ ಅವಳ ಬಾಯಲ್ಲೇ ಇದ್ದವು, ಯಾರು ಯಾರ ಪಕ್ಕ ಅಗೆಯುತ್ತಾರೋ ಆ ಕ್ರಮದಲ್ಲಿ. ಬಾರದವರ ಹೆಸರು ಹಾಕೆಂದು ಒಬ್ಬಿಬ್ಬರು ಕಣ್ಸನ್ನೆ ಮಾಡಿದ್ದೂ ಉಂಟು. ಅವ್ವ ಆ ಹೆಸರನ್ನು ಬಿಟ್ಟು ಮುಂದಿನ ಹೆಸರು ಹೇಳುತ್ತಿದ್ದಳು, ಅಷ್ಟೇ. ಈ ಯೋಜನೆ ಎಲ್ಲೆಲ್ಲೂ ಹೀಗೇ ನಡೆಯಿತು ಎಂದು ನಾನೇನೂ ಆಣೆ ಮಾಡಲಾರೆ. ಕೂಲಿ ತಡವಾಗಿ ಬಂದ ತಿಂಗಳುಗಳು ನಮ್ಮಲ್ಲೂ ಇದ್ದವು, ಅವ್ವ ಪಂಚಾಯಿತಿಯ ಕಟ್ಟೆಯ ಮೇಲೆ ಇಡೀ ದಿನ ಕೂತು ಬಂದದ್ದೂ ಇದೆ.

ಈಗ ಆ ಬೇಸಿಗೆಗೆ ಬರುತ್ತೇನೆ. ನನ್ನ ಹತ್ತನೆಯ ತರಗತಿಯ ಫಲಿತಾಂಶ ಬಂದಿತ್ತು. ಗಣಿತದಲ್ಲಿ ಶಾಲೆಗೇ ಮೊದಲಿಗಳು. ಲಿಂಗಸುಗೂರಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಬೇಕೆಂದು ನಾನು ಯಾರನ್ನೂ ಕೇಳದೆ ಮನಸ್ಸಿನಲ್ಲೇ ಸೇರಿಬಿಟ್ಟಿದ್ದೆ. ಅಪ್ಪ ಅಷ್ಟರಲ್ಲಿ ಬೆಂಗಳೂರಿಗೆ ಮುಂದಾಗಿ ಹೋಗಿದ್ದರು. ಕಿರಾಣಿ ಅಂಗಡಿಯ ಫೋನಿಗೆ ಅವರ ಕರೆ ಬಂತು. ಮೇಸ್ತ್ರಿ ಸೋಮವಾರದವರೆಗೆ ಮಾತ್ರ ಶೆಡ್ಡು ಹಿಡಿದಿಡುತ್ತಾನೆ, ಅಷ್ಟರೊಳಗೆ ಎಲ್ಲರೂ ಬರಬೇಕು ಎಂದು.

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: "ಶುಕ್ರವಾರ ಇಂಜಿನಿಯರ್ ಸಾಹೇಬ್ರು ಬಂದು ಕೆರಿ ಕೆಲಸ ಅಳದು ಬರಕೊಂಡ್ರು ಅಂದ್ರ ಮುಂದಿನ ಕೆಲಸ ಶುರುವಾಗ್ತತಿ. ಹಂಗಾದ್ರ ನೀವ ಊರಿಗೆ ಬರ್ರಿ. ಬರಕೊಳ್ಳಲಿಲ್ಲ ಅಂದ್ರ ನಾವು ಬರ್ತೀವಿ."

ನಾನು ಅಂಗಡಿಯ ಕಂಬ ಹಿಡಿದು ನಿಂತಿದ್ದೆ. ನಾವು ಬರುತ್ತೇವೆ ಎಂದರೆ ನಾನೂ ಹೋಗಬೇಕು. ಹೋದರೆ ಕಾಲೇಜಿಲ್ಲ. ಅಲ್ಲಿಗೆ ನನ್ನ ಇಡೀ ಮುಂದಿನ ಬದುಕು ನಮ್ಮೂರ ಕೆರೆಯ ಅಳತೆಯ ಮೇಲೆ ಬಂದು ಕೂತಿತು.

ಕೆರೆಯ ಹೂಳು ತೆಗೆಯುವ ಕೆಲಸ ನೀವು ನೋಡಿರಬಹುದು. ನೋಡಿರದಿದ್ದರೆ ಒಂದು ಸಂಗತಿ ಹೇಳಬೇಕು. ಅಗೆಯುತ್ತ ಹೋಗುವಾಗ ಅಲ್ಲಲ್ಲಿ ಒಂದೊಂದು ಮೊಳ ಅಗಲದ ಮಣ್ಣಿನ ಗುಡ್ಡಿಯನ್ನು ಅಗೆಯದೆ ಹಾಗೇ ಬಿಡುತ್ತಾರೆ. ಮೊದಲು ನೆಲ ಎಷ್ಟು ಎತ್ತರವಿತ್ತು ಎಂಬುದಕ್ಕೆ ಅದೇ ಗುರುತು. ಎಂಜಿನಿಯರು ಬಂದು ಗುಡ್ಡಿಯ ನೆತ್ತಿಯಿಂದ ತಳದವರೆಗೆ ಟೇಪು ಹಿಡಿದರೆ ಎಷ್ಟು ಆಳ ತೆಗೆದಿದ್ದಾರೆಂದು ತಿಳಿಯುತ್ತದೆ. ನಮ್ಮ ಹೆಂಗಸರು ಅದನ್ನು 'ಸಾಕ್ಷಿ' ಎಂದು ಕರೆಯುತ್ತಿದ್ದರು.

ಗುರುವಾರ ಮಧ್ಯಾಹ್ನ ಪಂಚಾಯಿತಿಯಿಂದ ಖಬರು ಬಂತು. ನಾಳೆ ಸಾಹೇಬರು ಬರುತ್ತಾರೆ, ಎಲ್ಲ ನೀಟಾಗಿ ಇರಲಿ, ಎಂದು. ಈ 'ನೀಟು' ಎಂಬ ಮಾತು ಅಂಥ ಅನಾಹುತ ಮಾಡುತ್ತದೆಂದು ಯಾರಿಗೆ ಗೊತ್ತಿತ್ತು? ಬರುವವರು ಬರುತ್ತಾರೆಂದರೆ ನಮ್ಮಲ್ಲಿ ಮೊದಲು ಅಂಗಳ ಹಸನಾಗಬೇಕು. ಅವ್ವ ಸೊಂಟಕ್ಕೆ ಕೈಕೊಟ್ಟು ಕೆರೆಯ ಅಂಗಳವನ್ನು ನೋಡಿದಳು. ತಳವೆಲ್ಲ ಚೊಕ್ಕವಾಗಿದೆ, ನಡುನಡುವೆ ಮಾತ್ರ ಈ ಗುಡ್ಡಿಗಳು.

"ಕಸ ಹೊಡದು ಗುಂಪಿ ಅಂಗಳದಾಗ ಬಿಟ್ಟಂಗ ಕಾಣಾಕತ್ತೈತಿ ನೋಡಬೇ," ಎಂದಳು ಹುಲಿಗೆಮ್ಮ.

ಅಷ್ಟು ಸಾಕಾಯಿತು, ಆ ಗುಡ್ಡಿ ಯಾತಕ್ಕೆ ಬಿಟ್ಟದ್ದೆಂಬುದು ನೀಟಿನ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ನಲವತ್ತು ಜನ ಸೇರಿ ಹೊತ್ತು ಮುಳುಗುವುದರೊಳಗೆ ಎಲ್ಲ ಸಾಕ್ಷಿಗಳನ್ನೂ ಕಡಿದು, ಹೊತ್ತು ಹಾಕಿ, ತಳವನ್ನು ಬರಲಿನಿಂದ ಗುಡಿಸಿ, ಬಿಂದಿಗೆಯಲ್ಲಿ ನೀರು ತಂದು ಚಿಮುಕಿಸಿದರು. ಇಲ್ಲಿಗೇ ನಿಂತಿದ್ದರೆ ಅವರ ತಪ್ಪು ಎಂದು ನಾನು ಈಗ ಆರಾಮಾಗಿ ಹೇಳಬಹುದಿತ್ತು. ಆದರೆ ಮರುದಿನ ಬೆಳಿಗ್ಗೆ ಆ ನಡುಜಾಗದಲ್ಲಿ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಹಾಕಿ, ಕೆಂಪು ಬಣ್ಣ ತುಂಬಿದವಳು ಗಣಿತದಲ್ಲಿ ಶಾಲೆಗೇ ಮೊದಲಿಗಳಾದ ನಾನೇ. ಅಳತೆ ಎಂದರೇನು ಎಂದು ಇಡೀ ಗುಂಪಿನಲ್ಲಿ ಪುಸ್ತಕ ಓದಿ ತಿಳಿದಿದ್ದವಳು ನಾನೊಬ್ಬಳೇ. ನನಗೂ ಹೊಳೆಯಲಿಲ್ಲ.

ಎಂಜಿನಿಯರ್ ಸಾಹೇಬರು ಬೈಕಿನಲ್ಲಿ ಬಂದರು. ತುಮಕೂರಿನ ಕಡೆಯ ಚಿಕ್ಕ ವಯಸ್ಸಿನವರು, ಟೋಪಿ ಹಾಕಿಕೊಂಡಿದ್ದರು. ಕಟ್ಟೆಯಿಂದ ಇಳಿದು, ರಂಗೋಲಿ ತುಳಿಯಬಾರದೆಂದು ಒಂದು ಜಿಗಿತ ಜಿಗಿದು, ಸುತ್ತ ನೋಡಿದರು.

"ಏನಮ್ಮಾ ಇದು? ಅಳತೆಗೆ ಬಿಟ್ಟಿದ್ದ ದಿಬ್ಬಗಳೆಲ್ಲಿ?"

"ಅವಾ? ನಿನ್ನಿ ಎಲ್ಲಾ ತಗದು ಹಸನ ಮಾಡೀವ್ರಿ. ನೀವು ಬರ್ತೀರಂತ," ಎಂದಳು ಅವ್ವ ನಗುತ್ತ.

ಸಾಹೇಬರು ತೂಬಿನ ಕಲ್ಲಿನ ಮೇಲೆ ಕುಸಿದು ಕೂತು ಟೋಪಿ ತೆಗೆದರು. "ಅಯ್ಯೋ ನಿಮ್ಮ! ಎಷ್ಟು ಆಳ ತೆಗೆದಿದ್ದೀರಿ ಅನ್ನೋದಕ್ಕೆ ಅದೇ ಅಲ್ವೇನಮ್ಮ ಸಾಕ್ಷಿ? ಈಗ ನಾನು ಏನಂತ ಬರೀಲಿ?"

ಅವ್ವನ ನಗು ಮುಖದ ಮೇಲೆ ಇದ್ದಲ್ಲೇ ನಿಂತುಹೋಯಿತು. ಹುಲಿಗೆಮ್ಮ ಮುಂದೆ ಬಂದಳು. "ಸಾಕ್ಷಿ ಯಾಕಿಲ್ರಿ ಸಾಹೇಬ್ರ? ನಲವತ್ತು ಮಂದಿ ಜೀವಂತ ನಿಂತೀವಿ. ಮಣ್ಣಿನ ಗುಡ್ಡಿ ಮಾತು ನಂಬತೀರಿ, ನಮ್ಮ ಮಾತು ನಂಬಂಗಿಲ್ಲೇನ್ರಿ?"

ಸಾಹೇಬರು ಕೆಟ್ಟವರಲ್ಲ, ಅವರಿಗೆ ಆ ಮಾತು ನಾಟಿತು. ನಂಬುತ್ತೇನಮ್ಮ, ಆದರೆ ನನ್ನ ಪುಸ್ತಕ ನಂಬುವುದಿಲ್ಲವಲ್ಲ ಎಂದರು. ಮಟ್ಟ ನೋಡುವ ಯಂತ್ರ ಮತ್ತೆ ತಾಲ್ಲೂಕಿನಿಂದ ಬರಬೇಕು, ಅದು ಬೇರೆ ಮೂರು ಊರಿಗೆ ನಿಗದಿಯಾಗಿದೆ, ಬರುವುದಕ್ಕೆ ಮೂರು ವಾರವಾದರೂ ಬೇಕು, ಅಲ್ಲಿಯವರೆಗೆ ಮುಂದಿನ ಕೆಲಸ ತೆರೆಯಲು ಬರುವುದಿಲ್ಲ ಎಂದರು. ಮೂರು ವಾರ! ನಮಗಿದ್ದದ್ದು ಸೋಮವಾರದವರೆಗೆ. ನಾನು ಅವ್ವನ ಮುಖ ನೋಡಲು ಹೆದರಿ, ನಾನೇ ಹಾಕಿದ ರಂಗೋಲಿಯನ್ನು ನೋಡುತ್ತ ನಿಂತೆ. ಒಂದೊಂದು ಚುಕ್ಕಿಯೂ ಸರಿಯಾಗಿತ್ತು. ಅದನ್ನು ಕಂಡು ಮೈ ಉರಿಯಿತು.

ಅವ್ವ ಅಳಲಿಲ್ಲ, ಕೈಮುಗಿಯಲೂ ಇಲ್ಲ. ತೂಬಿನ ಕಲ್ಲಿನ ಹತ್ತಿರ ಹೋಗಿ ಕೇಳಿದಳು: "ಸಾಹೇಬ್ರ, ಮೊದಲನೇ ದಿನ ನೀವು ದುರ್ಬೀನು ತಂದಿದ್ರಿ. ಈ ತೂಬಿನ ಕಲ್ಲಿನಿಂದ ನೆಲ ಎಷ್ಟು ಕೆಳಗ ಐತಂತ ನೋಡಿ ಬರಕೊಂಡ್ರಿ. ಆ ಬರದದ್ದು ಐತಿಲ್ರಿ?"

ಮೂರು ಕಾಲಿನ ಮೇಲೆ ನಿಲ್ಲಿಸಿ ನೋಡುವ ಆ ಯಂತ್ರಕ್ಕೆ ನಮ್ಮೂರಲ್ಲಿ ದುರ್ಬೀನು ಎಂದೇ ಹೆಸರು. ಸಾಹೇಬರು ಪುಸ್ತಕ ತೆರೆದು ನೋಡಿ, ಇದೆ ಎಂದರು.

"ಹಂಗಾರ ಅದ ಕಲ್ಲಿನಿಂದ ಈಗ ನೆಲ ಎಷ್ಟು ಕೆಳಗ ಐತಂತ ತಿಳದ್ರ ಸಾಕಲ್ರಿ? ಕಡದದ್ದು ಎಷ್ಟಂತ ಲೆಕ್ಕ ಹತ್ತತೈತಿ. ಅದಕ್ಕ ದುರ್ಬೀನು ಬ್ಯಾಡ್ರಿ, ಲೆವಲ್ ಪೈಪ್ ಸಾಕು." ಆಮೇಲೆ ನನ್ನ ಕಡೆ ತಿರುಗಿ, "ಲೇ, ಮಾಬಮ್ಮನ ಮನಿಗೆ ಓಡು. ಅಕಿ ಗಂಡನ ಪೈಪ್ ಇಸಗೊಂಡು ಬಾ," ಎಂದಳು.

ನಮ್ಮ ಗುಂಪಿನ ಮಾಬಮ್ಮನ ಗಂಡ ಗೌಂಡಿ. ಗೋಡೆ ಕಟ್ಟುವ ಗೌಂಡಿಗಳ ಹತ್ತಿರ ನೀರು ತುಂಬಿದ ಉದ್ದನೆಯ ತೆಳ್ಳನೆಯ ಪೈಪು ಇರುತ್ತದೆ. ಎರಡು ತುದಿಯನ್ನು ಎಷ್ಟೇ ದೂರ ಹಿಡಿದರೂ ಒಳಗಿನ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಬೆಂಗಳೂರಿನ ಕಟ್ಟಡಗಳಲ್ಲಿ ಆ ಪೈಪಿನ ಒಂದು ತುದಿ ಹಿಡಿದು ಅಲುಗದೆ ನಿಲ್ಲುವ ಕೆಲಸವನ್ನು ಕೂಲಿ ಹೆಂಗಸರಿಗೆ ಕೊಡುತ್ತಾರೆ. ಅದಕ್ಕೆ ಬುದ್ಧಿ ಬೇಕಿಲ್ಲ ಎಂದು ಮೇಸ್ತ್ರಿಗಳ ಎಣಿಕೆ. ಅವ್ವ ಎಷ್ಟೋ ಗುಳೆಗಳಲ್ಲಿ ಹಾಗೆ ಬುದ್ಧಿ ಬೇಕಿಲ್ಲದ ಕೆಲಸಕ್ಕೆ ನಿಂತು, ಸುಮ್ಮನೆ ನೋಡುತ್ತ ನೋಡುತ್ತ ಅದರ ಮರ್ಮವನ್ನೆಲ್ಲ ತಿಳಿದುಕೊಂಡಿದ್ದಳು.

ನಾನು ಪೈಪು ತಂದೆ. ಅವ್ವ ನೀರು ತುಂಬಿ, ಬಾಯಿಟ್ಟು ಎಳೆದು ಒಳಗಿನ ಗುಳ್ಳೆ ತೆಗೆದಳು. ಬಿಸಿಲಿಗೆ ನೀರಿನ ಮಟ್ಟ ಕಾಣುತ್ತಿರಲಿಲ್ಲ. ಸುತ್ತ ನೋಡಿ, ರಂಗೋಲಿಯಿಂದ ಒಂದು ಚಿಟಿಕೆ ಕೆಂಪು ಬಣ್ಣ ತೆಗೆದು ಪೈಪಿನೊಳಗೆ ಹಾಕಿದಳು. ಅವಳು ತೂಬಿನ ಕಲ್ಲಿಗೆ ಒಂದು ತುದಿ ಹಿಡಿದಳು, ಇನ್ನೊಂದು ತುದಿ ನನ್ನ ಕೈಗೆ. ಪೈಪು ಸಾಲದ ಕಡೆ ನಡುವೆ ಒಂದು ಗೂಟ ನೆಟ್ಟು, ಅದಕ್ಕೆ ಗುರುತು ಮಾಡಿ ಮುಂದೆ ಸರಿದೆವು.

"ಅಲುಗಬ್ಯಾಡ."

"ಇಲ್ಲಬೇ."

"ಉಸರರ ಆಡಲೇ. ಅಲುಗಬ್ಯಾಡ ಅಂದ್ಲು ನಿಮ್ಮವ್ವ, ಉಸರ ಬಿಡಬ್ಯಾಡ ಅನ್ನಲಿಲ್ಲ," ಎಂದು ಹುಲಿಗೆಮ್ಮ ಪಕ್ಕದಿಂದ ಕೂಗಿದಳು. ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು.

ಒಂದೊಂದು ಕಡೆಯೂ ಸಾಹೇಬರು ನೀರಿನ ಮಟ್ಟದಿಂದ ನೆಲಕ್ಕೆ ಟೇಪು ಬಿಟ್ಟು, ಮೊದಲ ದಿನದ ಬರಹದೊಂದಿಗೆ ತಾಳೆ ನೋಡಿದರು. ಎರಡನೆಯ ಕಡೆಯಲ್ಲಿ ಹುಬ್ಬೇರಿಸಿದರು. ನಾಲ್ಕನೆಯ ಕಡೆಗೆ ಬರುವಷ್ಟರಲ್ಲಿ ಅವರ ಬಾಯಲ್ಲಿ ನಮ್ಮ ಮಾತೇ ಬಂದಿತ್ತು: "ಬರೋಬ್ಬರಿ ಇದೆ ಕಣಮ್ಮಾ!" ಮತ್ತೆ ಬರೆದುಕೊಂಡರು. ಹೀಗೆ ಹತ್ತು ಹನ್ನೆರಡು ಕಡೆಯಾಯಿತು. ಇನ್ನು ಸಾಕು, ಉಳಿದದ್ದೂ ಹೀಗೇ ಇರುತ್ತದೆ, ಎಂದು ಅವರು ಪುಸ್ತಕ ಮುಚ್ಚಲು ಹೋದರು. ನನ್ನ ಎದೆಯೊಳಗೆ ಲಿಂಗಸುಗೂರಿನ ಬಸ್ಸು ಆಗಲೇ ಶುರುವಾಗಿತ್ತು.

"ತಡೀರಿ ಸಾಹೇಬ್ರ," ಎಂದಳು ಅವ್ವ. "ಆ ಜಾಲಿಗಿಡದ ಮೂಲಿ ಬರಕೋಬ್ಯಾಡ್ರಿ. ಅಲ್ಲಿ ಒಂದು ಗೇಣು ಕಮ್ಮಿ ಐತಿ. ಅಲ್ಲಿ ಕಡಿಯೋರಿಗೆ ಇಬ್ರಿಗೆ ಜರ ಬಂದಿದ್ವು. ನಾಳೆ ಕಡದು ಕೊಡ್ತೀವಿ."

ಹುಲಿಗೆಮ್ಮ ಅವ್ವನ ರಟ್ಟೆಯನ್ನು ಹಿಡಿದು ಚಿವುಟಿದಳು. ಸಾಹೇಬರು ಅವ್ವನನ್ನೇ ನೋಡುತ್ತ ನಿಂತರು. ಆಮೇಲೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು, "ಆಯ್ತಮ್ಮ, ನಾಳೆ ಬಂದೇ ಪೂರ್ತಿ ಬರ್ಕೋತೀನಿ. ಆ ಮೂಲೇಲಾದ್ರೂ ಒಂದು ದಿಬ್ಬ ಬಿಟ್ಟಿರಿ," ಎಂದರು.

ಅವರ ಬೈಕು ಕಟ್ಟೆ ದಾಟಿತೋ ಇಲ್ಲವೋ ಹುಲಿಗೆಮ್ಮ ಶುರು ಮಾಡಿದಳು. "ಹುಚ್ಚಿ ಅದೀಯೇನಬೇ ನೀ? ಬರಕೊಂಡು ಹೋಗ್ತಿದ್ದಾತನ್ನ ಕರದು ನಿಂದ್ರಿಸಿದಿ. ನಾಳೆ ಅವ ಬರಲಿಲ್ಲ ಅಂದ್ರ? ನಿನ್ನ ಮಗಳ ಕಾಲೇಜು ಆ ಒಂದು ಗೇಣಿನ ಮ್ಯಾಲ ನಿಂತೈತಿ, ಗೊತ್ತೈತಿಲ್ಲೋ?"

"ಗೊತ್ತೈತಿ. ಅದಕ್ಕ ಹೇಳಿದೆ," ಎಂದಳು ಅವ್ವ. "ಅಕಿ ಕಾಲೇಜು ಕಮ್ಮಿ ಮಣ್ಣಿನ ಮ್ಯಾಲ ನಿಂದ್ರಬಾರದು."

ಮರುದಿನ ಆ ಮೂಲೆಯನ್ನು ಅಗೆಯಲು ಜ್ವರದಿಂದ ಎದ್ದ ಇಬ್ಬರೂ ಬಂದರು. ಅವರ ಪಾಲಿನದು ಅವರಿಬ್ಬರೇ ಮಾಡಲಿ ಎಂದು ಯಾರೂ ಸುಮ್ಮನೆ ಕೂರಲಿಲ್ಲ. ನಾನೂ ಬುಟ್ಟಿ ಹೊತ್ತೆ. ನಾನು ಹೊತ್ತಿದ್ದು ಎಂಟೋ ಹತ್ತೋ ಬುಟ್ಟಿ, ಹೇಳುವಾಗ ಮಾತ್ರ ಇವತ್ತಿಗೂ ಕೆರೆಯನ್ನೇ ಹೊತ್ತಂತೆ ಹೇಳುತ್ತೇನೆ. ಸಂಜೆ ನಾಲ್ಕಕ್ಕೆ ಬೈಕಿನ ಸದ್ದು ಕೇಳಿತು. ಸಾಹೇಬರು ಅಳೆದರು, ಬರೆದರು, ಸಹಿ ಮಾಡಿದರು. ಮುಂದಿನ ಕೆಲಸ ಹಳ್ಳಕ್ಕೆ ಒಡ್ಡು ಹಾಕುವುದು, ಸೋಮವಾರದಿಂದಲೇ ಎಂದರು. ಸೋಮವಾರ ನಾವು ಬಸ್ಸು ಹತ್ತಲಿಲ್ಲ. ಅಪ್ಪನೇ ಬಸ್ಸಿನಿಂದ ಇಳಿದು, ತಲೆಯ ಮೇಲಿನ ಗಂಟನ್ನು ಅಂಗಳದಲ್ಲಿ ಇಳಿಸಿ, "ಎಲ್ಲಿ ನಿಮ್ಮವ್ವ?" ಎಂದು ಕೇಳಿದರು.

ಇಷ್ಟಾದ ಮೇಲೆ ನಾನು ಮಾಡಿದ್ದನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಲಿಂಗಸುಗೂರಿನ ಕಾಲೇಜಿನಲ್ಲಿ ಅರ್ಜಿ ತುಂಬುವ ದಿನ ಅವ್ವ ನನ್ನ ಜೊತೆಗೆ ಬಂದಿದ್ದಳು. ಇಸ್ತ್ರಿ ಮಾಡಿದ ಅಂಗಿಯ ಹುಡುಗರು, ಅವರ ಜೊತೆಗೆ ವಾಚು ಕಟ್ಟಿದ ಅಪ್ಪಂದಿರು ಸುತ್ತ ನಿಂತಿದ್ದರು. ತಾಯಿಯ ಉದ್ಯೋಗ ಎಂಬ ಸಾಲಿನ ಮುಂದೆ ನನ್ನ ಪೆನ್ನು ನಿಂತಿತು. ಆಮೇಲೆ 'ಮನೆಗೆಲಸ' ಎಂದು ಬರೆದೆ. ಬೆನ್ನ ಹಿಂದೆ ನಿಂತಿದ್ದ ಅವ್ವ ಕುತೂಹಲದಿಂದ ಬಗ್ಗಿ, "ಏನು ಬರದಿ ಅಲ್ಲಿ?" ಎಂದು ಕೇಳಿದಳು. ನಿನ್ನ ಹೆಸರು ಎಂದೆ. ಅವಳು ಅಕ್ಷರಗಳ ಮೇಲೆ ಕಣ್ಣಾಡಿಸಿ, ಖುಷಿಯಿಂದ ತಲೆಯಾಡಿಸಿದಳು.

ಆಮೇಲೆ ಡಿಗ್ರಿ, ಮೇಲಿನ ಓದು, ನೌಕರಿ, ಎಲ್ಲ ಅರ್ಜಿಗಳಲ್ಲೂ ಅದೇ ಮುಂದುವರಿಯಿತು. ತರಗತಿಯಲ್ಲಿ ದ್ರವಗಳ ಪಾಠ ಬಂದಾಗ, ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಪುಸ್ತಕದ ಮಾತಿನಲ್ಲಿ ಎಷ್ಟೋ ವರ್ಷ ಕಲಿಸಿದೆ. ಅದನ್ನು ನನಗೆ ಕಲಿಸಿದವರು ಯಾರೆಂದು ಮಕ್ಕಳಿಗೆ ಒಂದು ದಿನವೂ ಹೇಳಲಿಲ್ಲ. ಇಲ್ಲಿ ಸಿಂಧನೂರಿನಲ್ಲಿ ನಮ್ಮ ಮನೆಯ ಎದುರಿನ ರೈಸ್‌ಮಿಲ್ಲಿನವರು, "ಖಾತ್ರಿ ಬಂದಾಗಿಂದ ನಾಟಿಗೆ ಆಳ ಸಿಗಂಗಿಲ್ರಿ ಮೇಡಂ, ಮಂದಿ ಸೊಕ್ಕಿಗೆ ಬಂದಾರ" ಎಂದಾಗಲೂ ನಾನು ಹೌದೂ ಅನ್ನದೆ ಅಲ್ಲವೂ ಅನ್ನದೆ ಚಹಾ ಕುಡಿದು ಎದ್ದು ಬಂದಿದ್ದೇನೆ.

ಮಂದಿಗೆ ಸೊಕ್ಕು ಬಂದದ್ದು ನಿಜ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಎಂದು ಕೇಳಿದ ದಿನ ಹುಲಿಗೆಮ್ಮ ಗಂಡನಿಗೆ, "ಇವತ್ತಿನಿಂದ ನೀ ನನ್ನ ಸರಿಸಮ ಅದೀ ನೋಡು" ಎಂದು ಹೇಳಿದ್ದಳು. ತನ್ನ ಹೆಸರಿನ ಬ್ಯಾಂಕ್ ಪುಸ್ತಕ ಮೊದಲ ಸಲ ಕೈಗೆ ಬಂದಾಗ ಮಾಬಮ್ಮ ಅದನ್ನು ಮುಟ್ಟಲು ಯಾರಿಗೂ ಕೊಟ್ಟಿರಲಿಲ್ಲ. ಊರಲ್ಲೇ ಕೆಲಸವಿದೆ ಎಂದಾದ ಮೇಲೆ ನಮ್ಮ ಓಣಿಯ ಮಕ್ಕಳ ಹೆಸರು ಶಾಲೆಯ ಹಾಜರಿಯಿಂದ ನಡುವರ್ಷ ಮಾಯವಾಗುವುದು ಕಡಿಮೆಯಾಯಿತು. ನನ್ನ ತಂಗಿ ಒಂದು ವರ್ಷವನ್ನೂ ಕಳೆದುಕೊಳ್ಳದೆ ಓದಿ ಈಗ ನರ್ಸ್ ಆಗಿದ್ದಾಳೆ. ಈ ಸೊಕ್ಕಿನ ಮಂದಿಯ ಮಗಳು ನಾನು ಎಂದು ಹೇಳಿಕೊಳ್ಳಲು ನನಗೆ ಇಷ್ಟು ವರ್ಷ ಯಾಕೆ ಬೇಕಾಯಿತು?

ಕೌಂಟರಿನ ಆಚೆಯ ಆ ಹುಡುಗಿಯ ಅರ್ಜಿಗೆ ಸಹಿ ಮಾಡಿದ ಮೇಲೆ ಬಂದ ಮೊದಲ ರಜೆಯ ದಿನ ನಾನು ಊರಿಗೆ ಹೋದೆ. ಮನೆಗೆ ಬೀಗ. ಕೆರೆಯ ಕಡೆ ನಡೆದೆ. ಕೆಲಸ ನಡೆದಿತ್ತು. ಅವ್ವ ಈಗ ಅಗೆಯುವುದಿಲ್ಲ. ಕಟ್ಟೆಯ ಪಕ್ಕ ಕಟ್ಟಿದ ನೆರಳಿನ ಪರದೆಯ ಕೆಳಗೆ, ಕೆಲಸಕ್ಕೆ ಬಂದವರ ಕೂಸುಗಳನ್ನು ನೋಡಿಕೊಳ್ಳುತ್ತಾಳೆ. ಅದಕ್ಕೂ ಹಾಜರಿ ಇದೆ. ತೊಡೆಯ ಮೇಲೆ ಒಂದು ಕೂಸು, ಸೆರಗು ಜಗ್ಗುತ್ತ ಇನ್ನೊಂದು. ನಾನು ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ನೇರವಾಗಿ ಹೇಳಿಬಿಟ್ಟೆ.

"ಯವ್ವಾ, ಲಿಂಗಸೂರು ಕಾಲೇಜಿನಾಗ ಅವತ್ತು ನಾ ಬರದದ್ದು ನಿನ್ನ ಹೆಸರಲ್ಲ. ನಿನ್ನ ಉದ್ಯೋಗ ಏನಂತ ಕೇಳಿದ್ರು. ಮನೆಗೆಲಸ ಅಂತ ಬರದೆ. ಖಾತ್ರಿ ಅಂತ ಬರೀಲಿಲ್ಲ."

ಅವ್ವ ಕೂಸಿನ ಮೂಗು ಒರೆಸಿದಳು. ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನಾನು ಕಾದೆ.

"ಮನಿ ಕೆಲಸಾನೂ ನಾನ ಮಾಡೀನಲ್ಲ," ಎಂದಳು. "ಸುಳ್ಳೇನು ಬರದಿಲ್ಲ ನೀ. ಅರ್ಧ ಬರದಿ."

ಅಷ್ಟರಲ್ಲಿ ಕೆಳಗಿನಿಂದ ಈಗಿನ ಮೇಟ್, ಡಿಗ್ರಿ ಓದಿದ ಹುಡುಗಿ, ಕೈಯಲ್ಲಿ ಮೊಬೈಲು ಹಿಡಿದು ಹಾಜರಿಯ ಫೋಟೋ ತೆಗೆಯುತ್ತ ನಮ್ಮ ಕಡೆ ನೋಡಿ, "ಯಾರ್ರಿ ಅವ್ರು, ಆಫೀಸಿನೋರೇನು?" ಎಂದು ಕೂಗಿದಳು. ಅವ್ವನಿಗೆ ಹೇಳಲು ಬಾಯಿ ತುಂಬಿ ಬಂದಿತ್ತು. ನನ್ನ ಮಗಳು, ಸಿಂಧನೂರಾಗ ಲೆಕ್ಚರರ್ ಅದಾಳ ಎಂದು ಅವಳು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಾಳೆ. ಅವಳಿಗಿಂತ ಮೊದಲು ನಾನೇ ಎದ್ದು ನಿಂತೆ.

"ಆಫೀಸಿನಾಕಿ ಅಲ್ಲವಾ. ನಾನು ಮೇಟ್ ದುರುಗಮ್ಮನ ಮಗಳು!"

ಕೆರೆಯ ತುಂಬ ಕೇಳುವಂತೆ ಕೂಗಿದ್ದೆನೆಂದು ಕಾಣುತ್ತದೆ. ಅಗೆಯುತ್ತಿದ್ದವರೆಲ್ಲ ತಲೆಯೆತ್ತಿದರು.

"ಹೌದ್ರೀ? ದುರುಗಮ್ಮಾಯಿ ಮಗಳಾ?" ಎಂದಳು ಆ ಹುಡುಗಿ. "ಮತ್ತ ದಂಡಿ ಮ್ಯಾಲ ಯಾಕ ನಿಂತೀರಿ? ಚಪ್ಪಲಿ ಬಿಟ್ಟು ಇಳೀರಿ."

ಚಪ್ಪಲಿ ಬಿಟ್ಟು ಇಳಿದೆ.